ತೊಡೆಸಂದಿನ ನೋವು: ಬಿಗಿತವೇ, ಉಳುಕೇ?

ಕೆಳಬೆನ್ನಿನ ಕಶೇರುಗಳಿಂದ ಹೊರಟು ತೊಡೆಮೂಳೆಯನ್ನು ಸೇರುವ ಸೋವಾಸ್ ಸ್ನಾಯುವು ಮೆಟ್ಟಿಲೇರುವಾಗ ಮೊಣಕಾಲನ್ನು ಮೇಲೆತ್ತುತ್ತದೆ. ದಿನವಿಡೀ ಕುಳಿತು ದುಡಿಯುವವರಲ್ಲಿ ಇದು ಬಿಗಿಯುವುದುಂಟು. ಆಗ ಬೆನ್ನೂ ನೋಯಬಹುದು.

ಬರಿಯ ಬಿಗಿತವಾದರೆ, ಬಿಗಿದ ಕಡೆಯ ಮೊಣಕಾಲನ್ನು ನೆಲಕ್ಕೂರಿ, ಇನ್ನೊಂದು ಪಾದವನ್ನು ಮುಂದಿರಿಸಿ, ಬೆನ್ನು ಬಾಗಿಸದೆ ಸೊಂಟವನ್ನು ಮೆಲ್ಲನೆ ಮುಂದೊಯ್ದು 30 ಸೆಕೆಂಡು ನಿಲ್ಲುವುದು. ಹಠಾತ್ತನೆ ಚುಚ್ಚಿದಂತೆ ಬಂದ ನೋವು ಉಳುಕಾಗಿರಬಹುದು. ಅದನ್ನು ಎಳೆಯುವುದೂ ತಿಕ್ಕುವುದೂ ಸಲ್ಲದು. ಮೊದಲ 2 ದಿನ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಸಾಕು. ಸಂದಿನಲ್ಲಿ ಉಬ್ಬು ಕಂಡರೆ ಹರ್ನಿಯಾ ಇರಬಹುದಾದುದರಿಂದ ವೈದ್ಯರಿಗೆ ತೋರಿಸತಕ್ಕದ್ದು.

ಸದಸ್ಯರು ವಿಶೇಷವಾಗಿ ಗಮನಿಸಬೇಕಾದುದು: ವಯೋವೃದ್ಧರು ಬಿದ್ದು, ತೊಡೆಸಂದು ನೋಯುತ್ತ ಕಾಲೂರಲಾರದಿದ್ದರೆ, ಉಳುಕೆಂದು ಭಾವಿಸಿ ನೀವಿಸತಕ್ಕದ್ದಲ್ಲ. ತೊಡೆಮೂಳೆಯ ಕತ್ತು ಮುರಿದಿರಬಹುದು. ಅಂಥವರನ್ನು ನಡೆಸದೆ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸತಕ್ಕದ್ದು.