ಚಾ ಕುಡಿಯುವ ಮೊದಲು ವಂತಿಗೆ ರಶೀದಿ ನೋಡಬೇಕೇ?

ಕಾಸರಗೋಡು: ಚುನಾವಣೆ ಹತ್ತಿರ ಬಂತೆಂದರೆ ಗಡಿನಾಡಿನ ಹೋಟೆಲುಗಳಿಗೆ ಗಿರಾಕಿಗಳ ಜತೆಗೆ ರಶೀದಿ ಪುಸ್ತಕಗಳೂ ಬರುತ್ತವೆ. ಬೆಳಗ್ಗೆ ಒಂದು ಬಣ್ಣದ ಶಾಲಿನವರು, ಮಧ್ಯಾಹ್ನ ಇನ್ನೊಂದು ಬಣ್ಣದವರು, ಸಂಜೆಗೆ ಮತ್ತೊಬ್ಬರು. ಸಮ್ಮೇಳನ, ಜಾಥಾ, ಪ್ರಚಾರ ಸಭೆ ಎಂದು ಕಾರಣಗಳು ಬೇರೆ ಬೇರೆ. ಮಲಯಾಳದಲ್ಲಿ ಇದಕ್ಕೆ 'ಪಿರಿವು' ಎನ್ನುತ್ತಾರೆ, ಕನ್ನಡದಲ್ಲಿ 'ವಂತಿಗೆ'. ಹೆಸರು ಯಾವುದಾದರೂ ಗಲ್ಲಾಪೆಟ್ಟಿಗೆಯ ಮೇಲೆ ಬೀಳುವ ಭಾರ ಒಂದೇ.

ಇದರ ಬೆನ್ನಿಗೇ ಇನ್ನೊಂದು ಮಾತು ಕಿವಿಗೆ ಬೀಳುತ್ತದೆ. "ಅವ ಆ ಪಾರ್ಟಿಗೆ ದುಡ್ಡು ಕೊಟ್ಟಿದ್ದಾನಂತೆ, ಇನ್ನು ಅವನ ಹೋಟೆಲಿನ ಮೆಟ್ಟಿಲು ಹತ್ತುವುದು ಬೇಡ." ಮೊದಲು ಬಸ್‌ಸ್ಟ್ಯಾಂಡಿನ ಪಟ್ಟಾಂಗದಲ್ಲಿ ಮುಗಿಯುತ್ತಿದ್ದ ಈ ಮಾತು ಈಗ ಮೊಬೈಲಿನಲ್ಲಿ ಕ್ಷಣದಲ್ಲಿ ಊರಿಡೀ ಸುತ್ತಬಲ್ಲದು. ಹಾಗಾದರೆ ಮಾಲಕನ ರಾಜಕೀಯ ವಂತಿಗೆ ನೋಡಿ ಹೋಟೆಲನ್ನು ಬಹಿಷ್ಕರಿಸುವುದು ಸರಿಯೇ? ತಾನು ಕೊಟ್ಟ ದೋಸೆಯ ದುಡ್ಡು ತನಗೆ ಆಗದ ಪಕ್ಷಕ್ಕೆ ಹೋಗಬಾರದು ಎಂದು ಗಿರಾಕಿ ಬಯಸುವುದರಲ್ಲಿ ತಪ್ಪೇನು?

ತಪ್ಪಿಲ್ಲ. ತನ್ನ ದುಡ್ಡನ್ನು ಎಲ್ಲಿ ಖರ್ಚು ಮಾಡಬೇಕೆಂಬುದು ಗಿರಾಕಿಗೆ ಬಿಟ್ಟದ್ದು. ಆದರೆ ಏಟು ಬೀಳಬೇಕಾದವನಿಗೇ ಬೀಳುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಈ ಪ್ರಶ್ನೆ ದೊಡ್ಡ ಮಟ್ಟದಲ್ಲಿ, ಬಹಿರಂಗವಾಗಿ ಎದ್ದದ್ದು ಅಮೆರಿಕದಲ್ಲಿ. ಅಲ್ಲಿ ಯಾರು ಯಾರಿಗೆ ಎಷ್ಟು ಕೊಟ್ಟರೆಂಬುದು ಸರಕಾರಿ ದಾಖಲೆಯಲ್ಲಿ ಸಿಗುತ್ತದೆ. ಹಾಗಾಗಿ ಅಲ್ಲಿ ನಡೆದದ್ದನ್ನು ನೋಡಿ ಇಲ್ಲಿಯವರು ಕಲಿಯಬಹುದಾದದ್ದು ಇದೆ.

ನೂರು ಡಾಲರಿನ ಗಲಾಟೆ

2008ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸಲಿಂಗಿಗಳ ವಿವಾಹವನ್ನು ತಡೆಯುವ ಪ್ರಸ್ತಾವವೊಂದು ಜನಮತಕ್ಕೆ ಬಂತು. ಶೇ. 52ರಷ್ಟು ಮತ ಪಡೆದು ಅದು ಗೆದ್ದಿತು. ಆ ರಾಜ್ಯದ ಕಾನೂನಿನಂತೆ 100 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟವರ ಹೆಸರು, ಉದ್ಯೋಗ ಎಲ್ಲವೂ ಬಹಿರಂಗ. ಪಟ್ಟಿ ತಿರುವಿದವರಿಗೆ ಲಾಸ್ ಏಂಜಲೀಸಿನ ಹಳೆಯ ಹೋಟೆಲೊಂದರ ವ್ಯವಸ್ಥಾಪನೆಯಲ್ಲಿದ್ದವರ ಹೆಸರು ಕಂಡಿತು. ಕೊಟ್ಟದ್ದು ಬರೇ 100 ಡಾಲರ್, ಅದೂ ಸ್ವಂತ ದುಡ್ಡು. ಹೋಟೆಲಿನ ಎದುರು ಜನ ಸೇರಿ ಪ್ರತಿಭಟನೆ ನಡೆಸಿದರು. ಅಲ್ಲಿನ ಕೆಲಸದವರಲ್ಲಿ ಸಲಿಂಗಿಗಳೂ ಇದ್ದರು. ಯಾರ ಹಕ್ಕಿಗಾಗಿ ಬಹಿಷ್ಕಾರ ನಡೆಯಿತೋ ಅವರದೇ ಹೊಟ್ಟೆಪಾಡು ಅಲುಗಾಡುವ ಹಾಗಾಯಿತು.

2012ರಲ್ಲಿ 'ಚಿಕ್-ಫಿಲ್-ಎ' ಎಂಬ ದೊಡ್ಡ ಹೋಟೆಲು ಸರಣಿಯ ಸರದಿ. ಸಲಿಂಗ ವಿವಾಹವನ್ನು ವಿರೋಧಿಸುವ ಸಂಘಟನೆಗಳಿಗೆ ಕಂಪನಿಯ ಪ್ರತಿಷ್ಠಾನ ಲಕ್ಷಾಂತರ ಡಾಲರ್ ಕೊಟ್ಟಿದೆ ಎಂಬ ಕಾರಣಕ್ಕೆ ಬಹಿಷ್ಕಾರದ ಕರೆ ಬಂತು. ಇನ್ನೊಂದು ಕಡೆಯವರು ಸುಮ್ಮನಿರಲಿಲ್ಲ. ಅದೇ ವರ್ಷ ಆಗಸ್ಟ್ 1ರಂದು "ಎಲ್ಲರೂ ಅಲ್ಲೇ ಊಟ ಮಾಡಿ" ಎಂದು ಕರೆಕೊಟ್ಟರು. ಕ್ಯೂ ರಸ್ತೆಗೆ ಬಂತು, ಕಂಪನಿ ದಾಖಲೆ ವ್ಯಾಪಾರ ಮಾಡಿತು. ಬಹಿಷ್ಕಾರ ಮುಗ್ಗರಿಸಿತು ಎಂದು ಹೇಳುವಷ್ಟರಲ್ಲಿ ಕಥೆ ಮುಗಿಯಲಿಲ್ಲ. ಟೀಕೆ ವರ್ಷಗಟ್ಟಲೆ ಮುಂದುವರಿಯಿತು. 2019ರ ನವೆಂಬರಿನಲ್ಲಿ ಕಂಪನಿ, ತನ್ನ ದಾನವನ್ನು ಇನ್ನು ಶಿಕ್ಷಣ, ಹಸಿವು, ಮನೆಯಿಲ್ಲದವರ ಸಮಸ್ಯೆಗೆ ಮೀಸಲಿಡುವುದಾಗಿ ಪ್ರಕಟಿಸಿತು. ಒಂದು ದಿನದ ಕರೆಗಿಂತ ಬಿಡದೆ ಕೇಳಿದ ಪ್ರಶ್ನೆಗೆ ಬಲ ಹೆಚ್ಚು ಎಂದು ಇದರಿಂದ ತಿಳಿಯಬಹುದು.

2018ರದ್ದು ಇನ್ನೂ ಸ್ವಾರಸ್ಯ. 'ಇನ್-ಎನ್-ಔಟ್' ಎಂಬ ಬರ್ಗರ್ ಕಂಪನಿ ರಿಪಬ್ಲಿಕನ್ ಪಕ್ಷಕ್ಕೆ 25,000 ಡಾಲರ್ ಕೊಟ್ಟಿತೆಂದು ಕ್ಯಾಲಿಫೋರ್ನಿಯಾದ ಡೆಮಾಕ್ರಾಟಿಕ್ ಪಕ್ಷದ ಅಧ್ಯಕ್ಷರೇ ಬಹಿಷ್ಕಾರದ ಮಾತೆತ್ತಿದರು. ನೋಡಿದರೆ ಡೆಮಾಕ್ರಾಟರ ಕಡೆಗಿನ ಸಮಿತಿಯೊಂದಕ್ಕೂ ಅದೇ ಕಂಪನಿಯ ಹಣ ಹೋಗಿತ್ತು. ಕರೆ ಎರಡು ದಿನವೂ ಬಾಳಲಿಲ್ಲ. ಮರುವರ್ಷ 'ಆಲಿವ್ ಗಾರ್ಡನ್' ಹೋಟೆಲುಗಳು ಅಧ್ಯಕ್ಷ ಟ್ರಂಪ್ ಅವರಿಗೆ ಹಣ ಕೊಡುತ್ತವೆ ಎಂಬ ಸುದ್ದಿ ಹಬ್ಬಿತು, ಬಹಿಷ್ಕಾರದ ಕರೆಯೂ ಬಂತು. ತಾನು ಅಧ್ಯಕ್ಷ ಸ್ಥಾನದ ಯಾವ ಅಭ್ಯರ್ಥಿಗೂ ಹಣ ಕೊಡುವುದೇ ಇಲ್ಲ ಎಂದು ಅದರ ಮಾತೃಸಂಸ್ಥೆ ಸ್ಪಷ್ಟೀಕರಣ ಕೊಡಬೇಕಾಯಿತು. ಎಲ್ಲವೂ ದಾಖಲೆಯಲ್ಲಿರುವ ದೇಶದಲ್ಲೇ ಹೀಗಾದರೆ ದಾಖಲೆ ಇಲ್ಲದ ಕಡೆ ಹೇಗೆ?

ಇಲ್ಲಿ ಲೆಕ್ಕವೇ ಬೇರೆ

ನಮ್ಮ ಜನಪ್ರತಿನಿಧಿ ಕಾಯ್ದೆಯ 29ಸಿ ಕಲಮಿನ ಪ್ರಕಾರ ಪಕ್ಷಗಳು 20,000 ರೂ.ಗಿಂತ ಹೆಚ್ಚು ಕೊಟ್ಟವರ ವಿವರವನ್ನು ಮಾತ್ರ ಚುನಾವಣಾ ಆಯೋಗಕ್ಕೆ ಒಪ್ಪಿಸಬೇಕು. ಪೇಟೆಯ ಸಾಮಾನ್ಯ ಹೋಟೆಲಿನ ನೂರು, ಐನೂರರ ರಶೀದಿ ಈ ಪಟ್ಟಿಗೆ ಬರುವುದೇ ಇಲ್ಲ. ಹಾಗಾಗಿ "ಕೊಟ್ಟಿದ್ದಾನಂತೆ" ಎಂಬುದರಲ್ಲಿ 'ಅಂತೆ'ಯೇ ಆಧಾರ. ಅಂತೆಕಂತೆಯ ಮೇಲೆ ಒಬ್ಬನ ಅಂಗಡಿ ಮುಚ್ಚಿಸುವುದು ನ್ಯಾಯವಲ್ಲ.

ಎರಡನೆಯದಾಗಿ, ಕೊಟ್ಟದ್ದೆಲ್ಲ ಮನಸ್ಸಿನಿಂದ ಕೊಟ್ಟದ್ದಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರ ಗೊಣಗಾಟ ಎಲ್ಲ ಕಡೆ ಒಂದೇ ರೀತಿ: "ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅಂದ್ರೆ ನಾಳೆ ಬಾಗಿಲು ತೆರೀಬೇಡ್ವಾ ಮಾರಾಯ್ರೆ?" ಹೀಗೆ ಎಲ್ಲರಿಗೂ ಕೊಟ್ಟವನ ರಶೀದಿಯಲ್ಲಿ ಅವನ ಅಭಿಪ್ರಾಯ ಹುಡುಕಿದರೆ ಸಿಗದು. ಅದು ಸೇತುವೆಯ ಟೋಲ್ ಇದ್ದ ಹಾಗೆ, ದಾಟಬೇಕಾದರೆ ಕೊಡಲೇಬೇಕು. ಟೋಲ್ ಕೊಟ್ಟವನನ್ನು ಸೇತುವೆ ಕಟ್ಟಿದವನ ಬೆಂಬಲಿಗ ಎಂದು ಯಾರೂ ಹೇಳುವುದಿಲ್ಲ.

ಮೂರನೆಯದು ಹೋಟೆಲಿನ ಒಳಗಿನ ಬದುಕು. ಗಿರಾಕಿ ಕಡಿಮೆಯಾದರೆ ಮೊದಲು ಕೆಲಸ ಹೋಗುವುದು ಮಾಲಕನದ್ದಲ್ಲ. ಎಲೆ ತೆಗೆಯುವವನು, ಲೋಟ ತೊಳೆಯುವವಳು, ಊರು ಬಿಟ್ಟು ಬಂದು ಒಲೆಯ ಮುಂದೆ ಬೆವರು ಹರಿಸುವ ಹುಡುಗ, ಇವರ ಸಂಬಳಕ್ಕೆ ಮೊದಲು ಕತ್ತರಿ. ವಂತಿಗೆ ಕೊಡುವಾಗ ಇವರನ್ನು ಯಾರೂ ಕೇಳಿರುವುದಿಲ್ಲ.

ಮಾಲಕನ ಜಾತಕ ನೋಡಿದ ಕಾಲ

ಬಹಿಷ್ಕಾರಕ್ಕೆ ಇನ್ನೊಂದು ಅಪಾಯವಿದೆ. ಮಾಲಕ ಏನು ಮಾಡಿದ ಎಂದು ಆರಂಭವಾಗುವುದು, ಮಾಲಕ ಯಾರು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಇದರ ಬಿಸಿ ಕರಾವಳಿಯವರಿಗೆ ಹೊಸತಲ್ಲ. ಕಾಸರಗೋಡಿನಿಂದ ಕುಂದಾಪುರದ ತನಕ ಎಷ್ಟೋ ಮನೆಗಳ ಹುಡುಗರು ಬೊಂಬಾಯಿಯ ಹೋಟೆಲುಗಳಲ್ಲಿ ಲೋಟ ತೊಳೆದು ಮೇಲೆ ಬಂದವರು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ಅಲ್ಲಿನ ಉಡುಪಿ ಹೋಟೆಲುಗಳು ಕಲ್ಲೇಟಿಗೆ ಗುರಿಯಾದವು. ಅವರು ಯಾವ ಪಕ್ಷಕ್ಕೆ ದುಡ್ಡು ಕೊಟ್ಟರೆಂದು ಯಾರೂ ವಿಚಾರಿಸಲಿಲ್ಲ, ದಕ್ಷಿಣದವರು ಎಂಬುದೇ ಸಾಕಾಯಿತು. ರಸ್ತೆಬದಿಯಲ್ಲಿ ಬಾಗಿಲು ತೆರೆದು ಕುಳಿತ ಹೋಟೆಲು ಯಾವ ಕಾಲಕ್ಕೂ ಸುಲಭದ ಗುರಿ.

ಹಾಗೆಂದು ಹೋಟೆಲಿನ ಎದುರು ನಡೆದ ಹೋರಾಟಗಳೆಲ್ಲ ತಪ್ಪೆಂದಲ್ಲ. 1957ರಲ್ಲಿ ಮದ್ರಾಸಿನ ತಿರುವಲ್ಲಿಕೇಣಿಯಲ್ಲಿ ಪೆರಿಯಾರ್ ಅನುಯಾಯಿಗಳು ಮುರಳಿ ಕೆಫೆಯ ಎದುರು ಧರಣಿ ಕುಳಿತರು. ಫಲಕದಲ್ಲಿದ್ದ 'ಬ್ರಾಹ್ಮಣ' ಪದವನ್ನು ತೆಗೆಸುವುದು ಅವರ ಉದ್ದೇಶ. 1960ರ ಫೆಬ್ರವರಿ 1ರಂದು ಅಮೆರಿಕದ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು, ಬಿಳಿಯರಿಗೆ ಮಾತ್ರ ಊಟ ಬಡಿಸುತ್ತಿದ್ದ ವೂಲ್‌ವರ್ತ್ ಅಂಗಡಿಯ ಕಟ್ಟೆಯಲ್ಲಿ ಕುಳಿತು ಕಾಫಿ ಕೇಳಿದರು. ಧರಣಿ ಮುಂದುವರಿಯಿತು, ಬಹಿಷ್ಕಾರವೂ ಸೇರಿತು. ಜುಲೈ 25ರಂದು ಆ ಕಟ್ಟೆ ಎಲ್ಲರಿಗೂ ತೆರೆಯಿತು. ಇಲ್ಲಿ ಆಕ್ಷೇಪ ಇದ್ದದ್ದು ಮಾಲಕನ ಕಿಸೆಯ ಬಗ್ಗೆ ಅಲ್ಲ, ಹೋಟೆಲಿನ ನಡವಳಿಕೆಯ ಬಗ್ಗೆ. ತಪ್ಪು ಕಣ್ಣೆದುರಿತ್ತು, ಬೇಡಿಕೆ ಸ್ಪಷ್ಟವಿತ್ತು, ಅದನ್ನು ಸರಿಪಡಿಸುವುದು ಮಾಲಕನ ಕೈಯಲ್ಲೇ ಇತ್ತು. ದಲಿತನಿಗೆ ಬೇರೆ ಲೋಟ ಇಡುವ ಹೋಟೆಲಿಗೆ ಇವತ್ತೂ ಯಾರೂ ಕಾಲಿಡಬಾರದು. ಅದರಲ್ಲಿ ಎರಡು ಮಾತಿಲ್ಲ.

ಎಂಬತ್ತೊಂಬತ್ತು ಮತದ ಊರು

ಗಡಿನಾಡಿನಲ್ಲಿ ಪಕ್ಷ ನೋಡಿ ಊಟಕ್ಕೆ ಕೂರುವುದಾದರೆ ಮೇಜುಗಳೇ ಸಾಲವು. ಮಂಜೇಶ್ವರ ಕ್ಷೇತ್ರದಲ್ಲಿ 2016ರ ವಿಧಾನಸಭಾ ಚುನಾವಣೆಯ ಸೋಲು ಗೆಲುವು ನಿರ್ಧಾರವಾದದ್ದು ಕೇವಲ 89 ಮತಗಳಲ್ಲಿ. 2021ರಲ್ಲಿ 745 ಮತಗಳಲ್ಲಿ. ಅಂದರೆ ಇಲ್ಲಿನ ಯಾವ ಹೋಟೆಲಿನಲ್ಲಿ ಕುಳಿತರೂ ಎದುರಿನ ಕುರ್ಚಿಯಲ್ಲಿರುವವನು ಬೇರೆ ಪಕ್ಷದವನಾಗಿರುವ ಸಾಧ್ಯತೆಯೇ ಹೆಚ್ಚು. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮಾತನಾಡುವವರು ಒಂದೇ ಬೆಂಚಿನಲ್ಲಿ ಕುಳಿತು ಗೋಳಿಬಜೆ ತಿನ್ನುವ ಜಾಗ ಇದು. ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಯಲ್ಲಿ ಹೇಳುವುದು ಸುಲಭ. ಅದು ನಿಜವಾಗಿ ಕಣ್ಣಿಗೆ ಬೀಳುವುದು ಚಾದಂಗಡಿಯಲ್ಲೇ.

ಇದಕ್ಕೊಂದು ಒಳ್ಳೆಯ ನಿದರ್ಶನ ಕೇರಳದಲ್ಲೇ ಇದೆ. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳಕೊಂಡವರನ್ನು ಸೇರಿಸಿ ಸಹಕಾರಿ ಸಂಘ ಕಟ್ಟಲು ಮುಂದಾಳತ್ವ ವಹಿಸಿದವರು ಎ.ಕೆ. ಗೋಪಾಲನ್. 1957ರಿಂದ 1971ರ ತನಕ ಕಾಸರಗೋಡಿನ ಲೋಕಸಭಾ ಸದಸ್ಯರೂ ಅವರೇ. ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು, ಮರುವರ್ಷ ತೃಶ್ಶೂರಿನಲ್ಲಿ ಕಾಫಿ ಹೌಸು ತೆರೆಯಿತು. ಅದರ ಹಿಂದೆ ಯಾವ ಪಕ್ಷದ ನಾಯಕ ಇದ್ದರೆಂದು ಊರಿಗೆಲ್ಲ ಗೊತ್ತು. ಹಾಗಿದ್ದರೂ ಮುಂಡಾಸಿನ ಬಡಿಸುವವರು ತಂದಿಡುವ ಕಾಫಿಯನ್ನು ಎಲ್ಲ ಪಕ್ಷದವರೂ ಕುಡಿಯುತ್ತಾರೆ. ಕಾಫಿ ಕುಡಿದವರೆಲ್ಲ ಕಮ್ಯುನಿಸ್ಟರಾದದ್ದೂ ಇಲ್ಲ.

ಕೇಳಬೇಕಾದದ್ದು ಯಾರನ್ನು?

ಹಾಗಾದರೆ ಗಿರಾಕಿ ಏನೂ ಕೇಳಬಾರದೇ? ಕೇಳಬೇಕು, ಆದರೆ ದೊಡ್ಡವರನ್ನು ಕೇಳಬೇಕು. 2018ರಿಂದ ಕಂಪನಿಗಳು ಚುನಾವಣಾ ಬಾಂಡಿನ ಮೂಲಕ ಕೋಟಿಗಟ್ಟಲೆ ಹಣವನ್ನು ಹೆಸರಿಲ್ಲದೆ ಪಕ್ಷಗಳಿಗೆ ಕೊಡಬಹುದಿತ್ತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಪಕ್ಷಕ್ಕೆ ಯಾರ ಹಣ ಬರುತ್ತದೆಂದು ತಿಳಿಯುವುದು ಮತದಾರನ ಹಕ್ಕು ಎಂದಿತು. ಮಾರ್ಚಿನಲ್ಲಿ ಪಟ್ಟಿ ಹೊರಬಂತು. ಆ ಪಟ್ಟಿಯನ್ನು ಓದಿ, ಇಂಥ ಕಂಪನಿಯ ಸಾಮಾನು ಬೇಡ ಎಂದು ಒಬ್ಬ ನಿರ್ಧರಿಸಿದರೆ ಅದಕ್ಕೆ ಆಧಾರವಿದೆ. ಮೊತ್ತ ದೊಡ್ಡದು, ಕೊಟ್ಟವರು ಯಾರೆಂದು ಗೊತ್ತು, ದಾಖಲೆ ಕೈಯಲ್ಲಿದೆ.

ಬದಿಯ ಹೋಟೆಲಿನ ವಿಷಯದಲ್ಲಿ ಇದಾವುದೂ ಇಲ್ಲ. ಸಂಶಯ ಬಂದರೆ ಚಾದ ದುಡ್ಡು ಕೊಡುವಾಗ ಮಾಲಕನನ್ನೇ ಒಂದು ಮಾತು ಕೇಳಬಹುದು: "ಅಣ್ಣಾ, ಹೀಗೆ ಕೇಳಿದೆ, ಹೌದಾ?" ಉತ್ತರ ಸಮಾಧಾನ ತಾರದಿದ್ದರೆ ನಾಳೆ ಬೇರೆ ಹೋಟೆಲಿಗೆ ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅದು ಒಬ್ಬನ ಆಯ್ಕೆ. ಆದರೆ ಊರಿಗೆಲ್ಲ ಮೆಸೇಜು ಕಳಿಸುವ ಮೊದಲು, ರಶೀದಿ ಪುಸ್ತಕ ಹಿಡಿದು ಬಂದವರಲ್ಲಿ ತನ್ನ ಪಕ್ಷದವರೂ ಇದ್ದರೋ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಬಲವಂತದ ವಂತಿಗೆ ನಿಲ್ಲಬೇಕೆಂದು ತಮ್ಮ ತಮ್ಮ ಪಕ್ಷದವರಿಗೆ ಹೇಳುವ ಧೈರ್ಯ ಗಿರಾಕಿಗಳಿಗೆ ಬಂದರೆ ಹೋಟೆಲಿನವರ ಅರ್ಧ ತಲೆನೋವು ಮುಗಿಯುತ್ತದೆ.

ಚುನಾವಣೆ ಮುಗಿದ ಮರುದಿನವೂ ಬೆಳಗ್ಗೆ ಐದಕ್ಕೆ ಒಲೆ ಹಚ್ಚಬೇಕು. ಗೆದ್ದವನೂ ಸೋತವನೂ ಮೊದಲ ಬಸ್ಸಿಗೆ ಮುಂಚೆ ಚಾಕ್ಕೆ ಅಲ್ಲಿಗೇ ಬರಬೇಕು.