ಕುರಿ ಸಾಕಣೆ ಮತ್ತು ಪರಿಸರ: ಅಳೆಯುವುದು ಹೇಗೆ?

ಮಾಂಸಾಹಾರದಿಂದ ಪರಿಸರ ಕೆಡುತ್ತದೆ ಎಂದು ಹೇಳುವವರು ಅದನ್ನು ಅಳೆಯುವ ಬಗೆಯನ್ನೂ ತಿಳಿದಿರುವುದು ಒಳ್ಳೆಯದು. ಹೊಸಹಳ್ಳಿ, ವಿಜಯನಗರದಂತಹ ಬಡಾವಣೆಗಳ ಜೈನ ಕುಟುಂಬಗಳಿಗೆ ಕುರಿ ದೂರದ ವಿಷಯ ಎನಿಸಬಹುದು. ಆದರೆ ಶ್ವೇತಾಂಬರ ಸಾಧು-ಸಾಧ್ವಿಯರ ಓಘಾ, ಅಂದರೆ ರಜೋಹರಣ, ಉಣ್ಣೆಯದೇ.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿವೆ. ತೆಲಂಗಾಣ, ಆಂಧ್ರದ ನಂತರ ನಮ್ಮದು ಮೂರನೇ ಸ್ಥಾನ.

ಮೊದಲ ಅಳತೆ: ಅನಿಲ

ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಕರಗಿಸುವಾಗ ಮೀಥೇನ್ ಹುಟ್ಟಿ, ತೇಗಿನ ಮೂಲಕ ಹೊರಬರುತ್ತದೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿ, ಅಭಿವೃದ್ಧಿಶೀಲ ದೇಶಗಳ ಒಂದು ಕುರಿಗೆ ವರ್ಷಕ್ಕೆ 5 ಕಿಲೋ ಎಂದು ಲೆಕ್ಕ ಹಿಡಿಯುತ್ತದೆ. ಈ ದರದಲ್ಲಿ ರಾಜ್ಯದ ಕುರಿಗಳಿಂದ ವರ್ಷಕ್ಕೆ ಸುಮಾರು 55 ಸಾವಿರ ಟನ್. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುವುದರಿಂದ, ಇದು 15 ಲಕ್ಷ ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ಗೆ ಸಮ. ಇದು ಸ್ಥೂಲ ಲೆಕ್ಕ. ತಳಿ, ತೂಕ, ಮೇವಿನಂತೆ ಬದಲಾಗುತ್ತದೆ.

ಎರಡನೇ ಅಳತೆ: ಹಂಚಿಕೆ

ಒಂದೇ ಕುರಿಯಿಂದ ಮಾಂಸ, ಉಣ್ಣೆ, ಗೊಬ್ಬರ ಮೂರೂ ಬರುತ್ತವೆ. ಅಂಗಡಿಯ ಒಂದು ಖರ್ಚನ್ನು ಮೂರು ಖಾತೆಗೆ ಹಂಚಿದಂತೆ ಇಲ್ಲಿಯೂ ಹಂಚಬೇಕು. ಪೂರ್ತಿ ಮಾಂಸದ ಖಾತೆಗೆ ಬರೆದರೆ ಉಣ್ಣೆ ನಿರ್ದೋಷಿಯಾಗಿ ಕಾಣುತ್ತದೆ. ಕೊಯ್ಲಾದ ಹೊಲದಲ್ಲಿ ಮಂದೆ ನಿಲ್ಲಿಸಿದಾಗ ಸಿಗುವ ಗೊಬ್ಬರವನ್ನು ಬಿಟ್ಟರೆ ಕುರಿಗಾಹಿಗೆ ಅನ್ಯಾಯವಾಗುತ್ತದೆ.

ಮೂರನೇ ಅಳತೆ: ನೆಲ

ಅತಿಯಾಗಿ ಮೇಯಿಸಿದರೆ ಸಸಿಗಳು ಮೇಲೇಳುವುದಿಲ್ಲ, ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ. ಅನಿಲದ ಲೆಕ್ಕದಲ್ಲಿ ಇದು ಕಾಣದು. ಗೋಮಾಳದ ಒಂದು ತುಂಡಿಗೆ ಬೇಲಿ ಹಾಕಿ, ಒಳಗಿನ ಮತ್ತು ಹೊರಗಿನ ಹುಲ್ಲನ್ನು ಕೆಲವು ವರ್ಷ ಹೋಲಿಸಿ ನೋಡುತ್ತಾರೆ.

ಹಾಲಿನ ಲೆಕ್ಕ

ಅದೇ ಮಾರ್ಗಸೂಚಿಯಲ್ಲಿ ಭಾರತ ಉಪಖಂಡದ ಹಾಲು ಕೊಡುವ ಹಸುವಿಗೆ ವರ್ಷಕ್ಕೆ 58 ಕಿಲೋ ಮೀಥೇನ್. ಅಂದರೆ ಹನ್ನೊಂದು ಕುರಿಗಳಿಗಿಂತ ಹೆಚ್ಚು. ಹಾಲು, ತುಪ್ಪ ಬಳಸುವ ಮನೆಗಳಿಗೂ ಈ ತಕ್ಕಡಿ ಅನ್ವಯಿಸುತ್ತದೆ.

ಆದ್ದರಿಂದ ಅಹಿಂಸೆಯನ್ನು ಅನಿಲದ ಅಂಕಿಯ ಮೇಲೆ ನಿಲ್ಲಿಸಬೇಕಾಗಿಲ್ಲ. ಕುರಿ ಪಂಚೇಂದ್ರಿಯ ಜೀವಿ. ನಾಳೆ ಮೀಥೇನ್ ಸೊನ್ನೆಯಾದರೂ ಅದರ ವಧೆ ಹಿಂಸೆಯೇ. ಅಂಕಿಗಳ ಉಪಯೋಗ ಬೇರೆ: ಹಾಲು ಪೋಲಾಗದಂತೆ ನೋಡಿಕೊಳ್ಳುವುದು, ಉಣ್ಣೆ ಕೊಳ್ಳುವಾಗ ಅದು ಜೀವಂತ ಕುರಿಯಿಂದ ಕತ್ತರಿಸಿದ್ದೇ ಎಂದು ವಿಚಾರಿಸುವುದು, ಅಗತ್ಯವಿದ್ದಷ್ಟೇ ಕೊಳ್ಳುವುದು. ಅಪರಿಗ್ರಹ ಹೇಳುವುದೂ ಇದನ್ನೇ.

ಜೈ ಜಿನೇಂದ್ರ.