ಟರ್ಬೊ ಮೇಲೆ ಗೂಬೆ ಕೂರಿಸುವ ಮುನ್ನ

ಹಿರಿಯೂರು ದಾಟಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಲೀಸಾಗಿ ಓಡಿಬಂದ ಕಾರು ಚಿತ್ರದುರ್ಗದ ಊರೊಳಗೆ ಸಿಗ್ನಲ್‌ಗೆ ನಿಂತ ಕೂಡಲೇ ನಡುಗಲು ಶುರುಮಾಡುತ್ತದೆ. ಆರ್‌ಪಿಎಂ ಮುಳ್ಳು 800ರಿಂದ 600ಕ್ಕೆ ಇಳಿಯುತ್ತದೆ, ಮರುಕ್ಷಣ 1,100ಕ್ಕೆ ನೆಗೆಯುತ್ತದೆ. ಎ.ಸಿ. ಹಾಕಿದರೆ ಇಂಜಿನ್ ನಿಂತೇ ಹೋಗುವಂತಾಗುತ್ತದೆ. ಆಕ್ಸಿಲರೇಟರ್ ತುಳಿದರೆ ಮತ್ತೆ ಏನೂ ಆಗದಂತೆ ಓಡುತ್ತದೆ. ಇಂಥ ಹೊತ್ತಿನಲ್ಲಿ ಮಾಲೀಕರ ಬಾಯಿಂದ ಬರುವ ಮೊದಲ ಮಾತು, "ಟರ್ಬೊ ಹೋಯ್ತು ಅನ್ಸುತ್ತೆ."

ಬಹುತೇಕ ಸಲ ಆ ಊಹೆ ತಪ್ಪು.

ಜೋಗಿಮಟ್ಟಿ ಸಾಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವುದನ್ನು ದಿನವೂ ನೋಡುವವರಿಗೆ ಟರ್ಬೊ ಅರ್ಥವಾಗುವುದು ಕಷ್ಟವಲ್ಲ. ಅಲ್ಲಿ ರೆಕ್ಕೆ ತಿರುಗಿಸುವುದು ಬಯಲುಸೀಮೆಯ ಗಾಳಿ, ಇಲ್ಲಿ ಇಂಜಿನ್‌ನಿಂದ ಹೊರಬರುವ ಬಿಸಿ ಹೊಗೆ. ಗುಡ್ಡದ ಮೇಲಿನ ರೆಕ್ಕೆಯ ಸುತ್ತುಗಳನ್ನು ಕಣ್ಣಿನಿಂದಲೇ ಎಣಿಸಬಹುದು. ಮುಷ್ಟಿಯಲ್ಲಿ ಹಿಡಿಸುವ ಟರ್ಬೊ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುತ್ತದೆ. ಸ್ವಿಟ್ಜರ್‌ಲೆಂಡಿನ ಆಲ್‌ಫ್ರೆಡ್ ಬ್ಯೂಚಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ಗಾಡಿ ನಿಂತು ಇಂಜಿನ್ ಸ್ಲೋ ಓಡುತ್ತಿರುವಾಗ ಹೊಗೆ ಕಡಿಮೆ. ಚಕ್ರ ತಿರುಗುತ್ತಿದ್ದರೂ ಒತ್ತಡ ಹುಟ್ಟುವುದಿಲ್ಲ. ಕೆಲಸವಿರುವಾಗ ಸರಿಯಾಗಿ ದುಡಿಯುವ ಟರ್ಬೊ, ಕೆಲಸವೇ ಇಲ್ಲದಾಗ ಇಂಜಿನ್‌ಗೆ ತೊಂದರೆ ಕೊಡುವುದು ಅಪರೂಪ.

ತೊಂದರೆ ಕೊಡುವುದು ಟರ್ಬೊ ಜತೆಗೆ ಬಂದ ಸಂಸಾರ. ಉದ್ದನೆಯ ರಬ್ಬರ್ ಹೋಸ್‌ಗಳು, ಒತ್ತಿದ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್, ಅವುಗಳ ಕ್ಲ್ಯಾಂಪ್‌ಗಳು, ಸಣ್ಣಸಣ್ಣ ವ್ಯಾಕ್ಯೂಮ್ ಪೈಪುಗಳು, ವಾಲ್ವ್‌ಗಳು.

ಇಲ್ಲಿ ಪೆಟ್ರೋಲ್ ಮತ್ತು ಡೀಸೆಲ್ ಗಾಡಿಗಳ ದಾರಿ ಬೇರೆಯಾಗುತ್ತದೆ. ಇದನ್ನು ಮರೆತರೆ ತಪಾಸಣೆಯೆಲ್ಲ ದಿಕ್ಕು ತಪ್ಪುತ್ತದೆ.

ಪೋಲೊ ಜಿಟಿ ಟಿಎಸ್‌ಐ, ನೆಕ್ಸಾನ್, ವೆನ್ಯೂಗಳಂಥ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಸ್ಲೋ ಓಡುವಾಗ ಗಾಳಿಯ ದಾರಿಯ ಬಾಗಿಲಾದ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ. ಅದರಾಚೆಗೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಬಹಳ ಕಡಿಮೆ. ಆ ಭಾಗದ ಪೈಪಿನಲ್ಲೊಂದು ಸೀಳಿದ್ದರೆ ನಿಂತಾಗ ಅದು ಹೊರಗಿನ ಗಾಳಿಯನ್ನು ಒಳಗೆ ಎಳೆಯುತ್ತದೆ. ಹೆದ್ದಾರಿಯಲ್ಲಿ ಟರ್ಬೊ ಒತ್ತಡ ಏರಿದಾಗ ಅದೇ ಸೀಳು ಒಳಗಿನ ಗಾಳಿಯನ್ನು ಹೊರಗೆ ಉಗುಳುತ್ತದೆ. ಟರ್ಬೊ ಇಲ್ಲದ ಇಂಜಿನ್‌ನಲ್ಲಿ ಈ ಇಬ್ಬಗೆಯ ಸೋರಿಕೆ ಇಲ್ಲ. ಗಾಳಿ ಅಳೆಯುವ ಸೆನ್ಸರ್ ದಾಟಿದ ಮೇಲೆ ನುಸುಳಿದ ಗಾಳಿಯ ಲೆಕ್ಕ ಇಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ ಸಿಗುವುದಿಲ್ಲ. ಅದು ಕಡಿಮೆ ಪೆಟ್ರೋಲ್ ಕೊಡುತ್ತದೆ, ಆಮೇಲೆ ತಿದ್ದಿಕೊಳ್ಳಲು ಹೆಚ್ಚು ಕೊಡುತ್ತದೆ, ಮುಳ್ಳು ಉಯ್ಯಾಲೆಯಾಡುತ್ತದೆ. ಸ್ಕ್ಯಾನರ್‌ನಲ್ಲಿ ಪಿ0171, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಎಂಬ ಕೋಡ್ ಬಂದರೆ ಮೊದಲು ಹುಡುಕಬೇಕಾದದ್ದು ಈ ಸೋರಿಕೆಯನ್ನೇ. ಗಾಳಿ ಅಳೆಯುವ ಬದಲು ಮ್ಯಾನಿಫೋಲ್ಡ್ ಒತ್ತಡವನ್ನಷ್ಟೇ ಓದುವ ಕಾರುಗಳಲ್ಲಿ ಇದೇ ಸೋರಿಕೆಯಿಂದ ಸ್ಲೋ ಆರ್‌ಪಿಎಂ ಏರಿ ಕೂರುವುದೂ ಉಂಟು.

ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಲು ಹೋದಾಗ ಅದು ಬಲವಾಗಿ ಒಳಕ್ಕೆ ಎಳೆದು ಹಿಡಿದಂತಾದರೆ ಇಂಜಿನ್ ಒಳಗಿನ ಆವಿಯನ್ನು ಮರಳಿ ಮ್ಯಾನಿಫೋಲ್ಡಿಗೆ ಬಿಡುವ ಪಿಸಿವಿ ವಾಲ್ವ್‌ನ ಪದರ ಹರಿದಿರುವ ಸಂಶಯ ಪಡಬೇಕು. ಥ್ರಾಟಲ್‌ನಲ್ಲಿ ಮಸಿ ಕಟ್ಟಿದ್ದರೆ ತೊಳೆದು, ಸ್ಕ್ಯಾನರ್‌ನಿಂದ ಅದರ ಹೊಸ ಸ್ಥಾನವನ್ನು ಕಂಪ್ಯೂಟರಿಗೆ ಕಲಿಸಬೇಕು. ಈ ಕೊನೆಯ ಕೆಲಸ ಬಿಟ್ಟದ್ದಕ್ಕೇ ತೊಳೆದ ಮೇಲೆ ಗಾಡಿ ಇನ್ನಷ್ಟು ಕೆಟ್ಟಿತೆಂಬ ದೂರು ಬರುತ್ತದೆ. ಸೋರಿಕೆ ಹುಡುಕಲು ಕ್ಲೀನರ್ ಸ್ಪ್ರೇ ಹೊಡೆಯುವ ರೂಢಿ ಮಾತ್ರ ಬೇಡ. ಕಾದ ಟರ್ಬೊ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ. ಹೊಗೆ ಬಿಟ್ಟು ನೋಡುವ ಯಂತ್ರವಿರುವ ಗ್ಯಾರೇಜಿಗೆ ಹೋಗುವುದು ಲೇಸು.

ಇನ್ನೊಂದು ಸ್ಥಳೀಯ ಸೂಕ್ಷ್ಮವಿದೆ. ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿದಾಗ ಸ್ಕ್ಯಾನರ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡ 93 ಕಿಲೊಪಾಸ್ಕಲ್ ಆಸುಪಾಸು ಕಾಣಬೇಕು. ಪುಸ್ತಕದಲ್ಲಿ ಸಮುದ್ರಮಟ್ಟಕ್ಕೆ ಬರೆದ 101ಕ್ಕೆ ಹೋಲಿಸಿ ಸೆನ್ಸರ್ ಕೆಟ್ಟಿದೆ ಎಂದು ಬದಲಾಯಿಸಿದರೆ ದುಡ್ಡು ದಂಡ.

ಡೀಸೆಲ್ ಕತೆಯೇ ಬೇರೆ. ಅಲ್ಲಿ ವೇಗವನ್ನು ಆಳುವುದು ಡೀಸೆಲ್ ಪ್ರಮಾಣ, ಗಾಳಿಯಲ್ಲ. ಇಂಟರ್‌ಕೂಲರ್ ಹೋಸ್ ಸೀಳಿದರೆ ಪಿಕಪ್ ಸಾಯುತ್ತದೆ, ಕಪ್ಪು ಹೊಗೆ ಬರುತ್ತದೆ, ಶಿಳ್ಳೆ ಕೇಳುತ್ತದೆ. ಸ್ಲೋ ಓಟ ಮಾತ್ರ ಹೆಚ್ಚಾಗಿ ನೆಟ್ಟಗೇ ಇರುತ್ತದೆ. ಹಾಗಾಗಿ ನಿಂತಾಗ ನಡುಗುವ ಡೀಸೆಲ್ ಗಾಡಿಯಲ್ಲಿ ಇಂಧನದ ಕಡೆ ನೋಡಬೇಕು: ಫಿಲ್ಟರ್‌ನಲ್ಲಿ ನೀರು, ಲೈನಿನಲ್ಲಿ ಗಾಳಿ, ಪಂಪಿನ ವಾಲ್ವ್, ಇಂಜೆಕ್ಟರ್. ಮಾರುತಿ, ಟಾಟಾ, ಫಿಯೆಟ್ ಮೂರೂ ಬಳಸಿದ 1.3 ಲೀಟರ್ ಮಲ್ಟಿಜೆಟ್ ಇಂಜಿನ್ ಇಂದಿಗೂ ಹಳೆಯ ಸ್ವಿಫ್ಟ್, ಡಿಸೈರ್‌ಗಳಲ್ಲಿ ದುಡಿಯುತ್ತಿದೆ. ಅದರ ನಾಲ್ಕು ಇಂಜೆಕ್ಟರ್‌ಗಳ ರಿಟರ್ನ್ ಪೈಪ್ ಬಿಚ್ಚಿ, ಗ್ಲೂಕೋಸ್ ಹಾಕಿದಂತೆ ನಾಲ್ಕು ಬಾಟಲಿಗೆ ಪೈಪ್ ಇಳಿಬಿಟ್ಟು ಇಂಜಿನ್ ಓಡಿಸಿದರೆ ಯಾವ ಬಾಟಲಿ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸವೆದಿದೆ ಎಂದರ್ಥ. ಇಷ್ಟು ಸರಳ ಪರೀಕ್ಷೆಯನ್ನೂ ಮಾಡದೆ ನಾಲ್ಕನ್ನೂ ಬದಲಾಯಿಸುವುದು ಅನ್ಯಾಯ. ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ಮಸಿಗೆ ಅಂಟಿ ತೆರೆದೇ ಉಳಿದಿದ್ದರೂ ಗಾಡಿ ನಿಂತಲ್ಲಿ ಒದ್ದಾಡುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರಿನ ಸ್ಲೋ ಆರ್‌ಪಿಎಂ ಆಗಾಗ ತಾನಾಗಿ ಸ್ವಲ್ಪ ಏರಿದರೆ ಗಾಬರಿ ಬೇಡ. ಹೊಗೆ ಸೋಸುವ ಫಿಲ್ಟರ್ ತನ್ನೊಳಗಿನ ಮಸಿ ಸುಟ್ಟುಕೊಳ್ಳುತ್ತಿರಬಹುದು. ಊರೊಳಗೇ ಓಡಿಸುವವರು ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ಸಮ ಓಡಿಸಿದರೆ ಅದಕ್ಕೆ ಅನುಕೂಲ.

ಹಾಗಾದರೆ ಟರ್ಬೊ ಕೆಡುವುದೇ ಇಲ್ಲವೇ? ಕೆಡುತ್ತದೆ. ನಿಂತಾಗ ನೀಲಿ ಹೊಗೆ ಬಂದರೆ, ಆಯಿಲ್ ಕಡಿಮೆಯಾಗುತ್ತಿದ್ದರೆ, ಶಾಫ್ಟ್ ಅಳ್ಳಾಡಿ ರೆಕ್ಕೆ ಗೋಡೆಗೆ ತಾಗುತ್ತಿದ್ದರೆ ಟರ್ಬೊವನ್ನು ಸಂಶಯಿಸಬಹುದು. ಅದನ್ನು ಆ ಸ್ಥಿತಿಗೆ ತರುವುದರಲ್ಲಿ ಈ ಸೀಮೆಯ ಎರಡು ಸಂಗತಿಗಳ ಪಾಲಿದೆ.

ಒಂದು, ದೂಳು. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಕಡೆ ಅದಿರು ಲಾರಿಗಳ ಹಿಂದೆ ಓಡುವ ಗಾಡಿಯ ಏರ್ ಫಿಲ್ಟರ್ ಬೇಗನೆ ಕೆಂಪಾಗುತ್ತದೆ. ಅದಕ್ಕೆ ಜೋರಾಗಿ ಗಾಳಿ ಹೊಡೆದು ಮತ್ತೆ ಹಾಕಿದರೆ ಕಾಗದದ ಎಳೆ ಹರಿದು, ಸಣ್ಣ ದೂಳು ನೇರ ಟರ್ಬೊ ರೆಕ್ಕೆಗೆ ಹೋಗುತ್ತದೆ. ಸರ್ವೀಸ್ ಪುಸ್ತಕ ಹೇಳಿದ್ದಕ್ಕಿಂತ ಮೊದಲೇ ಹೊಸದು ಹಾಕುವುದೊಂದೇ ದಾರಿ. ಇನ್ನೊಂದು, ಟಿಫಿನ್ ನಿಲುಗಡೆ. ಬೆಂಗಳೂರಿನಿಂದ ನೂರರ ವೇಗದಲ್ಲಿ ಬಂದು ಹಿರಿಯೂರಿನ ಹೋಟೆಲ್ ಮುಂದೆ ಬ್ರೇಕ್ ಹಾಕಿ, ತಕ್ಷಣ ಕೀ ತಿರುಗಿಸಿ ಇಳಿದುಬಿಡುತ್ತಾರೆ. ಟರ್ಬೊ ಶಾಫ್ಟ್ ನಿಂತಿರುವುದೇ ಆಯಿಲ್‌ನ ತೆಳು ಪದರದ ಮೇಲೆ. ಇಂಜಿನ್ ನಿಂತರೆ ಆಯಿಲ್ ಹರಿವೂ ನಿಲ್ಲುತ್ತದೆ, ಕಾದ ಬೇರಿಂಗ್‌ನಲ್ಲಿ ಉಳಿದ ಆಯಿಲ್ ಸುಟ್ಟು ಕರಕಾಗುತ್ತದೆ. ಒಂದೆರಡು ನಿಮಿಷ ಸ್ಲೋ ಓಡಿಸಿ ಆಮೇಲೆ ಆಫ್ ಮಾಡಿದರೆ ಸಾಕು.

ಮುಳ್ಳು ಅಲುಗಾಡದೆ ಗಾಡಿ ಮಾತ್ರ ನಡುಗುತ್ತಿದ್ದರೆ ಇಂಜಿನ್ ಮೌಂಟಿಂಗ್ ಕೂಡ ನೋಡಿಸಿ. ಗ್ಯಾರೇಜಿಗೆ ಹೋದಾಗ ಸ್ಕ್ಯಾನರ್ ತೋರಿಸಿದ ಕೋಡ್‌ಗಳನ್ನು ಅಳಿಸುವ ಮೊದಲು ಚೀಟಿಯಲ್ಲಿ ಬರೆಸಿಕೊಳ್ಳಿ. ಹೋಸ್ ಕ್ಲ್ಯಾಂಪ್‌ಗೆ ನೂರಿನ್ನೂರು ರೂಪಾಯಿ, ಹೊಸ ಟರ್ಬೊಗೆ ಹತ್ತಾರು ಸಾವಿರ. ಮೊದಲನೆಯದನ್ನು ಕಣ್ಣಾರೆ ನೋಡಿ ಮುಗಿಸುವವರೆಗೆ ಎರಡನೆಯದಕ್ಕೆ ಒಪ್ಪಿಗೆ ಕೊಡಬೇಡಿ.